ಕಂಪೌಂಡರ್ ಅಂದರೆ ಕಾಂಪೌಂಡ್ ಕಟ್ಟುವವರಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಮಂಗಳವಾರ ನಿಮ್ಮ ನಗರ ಪುಟದಲ್ಲಿ ಬಾಕ್ಸ್ ಕಟ್ಟಿ, ನಗುವ ಮುಖದ ಚಿತ್ರ ಬೇರೆ ಹಾಕಿ ಒಂದು ಸುದ್ದಿ ಕೊಟ್ಟಿರಿ: ಔಷಧಿ ಬೆರೆಸಿ ಕೊಡುವ ಕಂಪೌಂಡರ್ ಆಗಿದ್ದ ಹಿರಿಯರೊಬ್ಬರನ್ನು ಕೌಂಟರಿನವರು ಗಾರೆ ಕೆಲಸದವರು ಅಂತ ಬರೆದುಕೊಂಡ ತಮಾಷೆ. ಸೇವಾ ಕೇಂದ್ರದಲ್ಲಿ 'ಗಾರೆ ಕೆಲಸದ ತಾತ' ಆಗಿಬಿಟ್ಟರಲ್ಲ, ಅವರು ನಮ್ಮ ಅಪ್ಪ. ಅವರಿಗೆ 83 ವರ್ಷ. ಅವರ ಕೈ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದವಳು ನಾನು. ನಿಮಗೆ ಇದನ್ನು ಯಾರು ಹೇಳಿದರೋ ಗೊತ್ತಿಲ್ಲ. ನಮ್ಮನ್ನಂತೂ ಯಾರೂ ಒಂದು ಮಾತು ಕೇಳಲಿಲ್ಲ.

ಹಿರಿಯ ನಾಗರಿಕರ ಗುರುತಿನ ಚೀಟಿಗೆ ಅರ್ಜಿ ಹಾಕಲು ಹೋಗಿದ್ದೆವು. ಒಂಬತ್ತೂವರೆಗೇ ಹೋದರೂ ಸಿಕ್ಕಿದ್ದು 61ನೇ ಟೋಕನ್. ಅಷ್ಟು ಜನಕ್ಕೆ ಇದ್ದದ್ದು ನಾಲ್ಕು ಕುರ್ಚಿ. ಅಪ್ಪನಿಗೆ ಮಂಡಿನೋವು, ಗೋಡೆಗೆ ಒರಗಿಕೊಂಡು ನಿಂತರು. ಎರಡು ಸಲ ಸರ್ವರ್ ಹೋಯಿತು. ಊಟದ ಹೊತ್ತಿಗೆ ಶಟರ್ ಅರ್ಧ ಎಳೆದರು. ನಮ್ಮ ಸರದಿ ಬಂದಾಗ ಎರಡೂವರೆ. ಕೌಂಟರಿನಲ್ಲಿದ್ದ ಹುಡುಗಿ 'ಮೊದ್ಲು ಏನ್ ಕೆಲ್ಸ ಮಾಡ್ತಿದ್ರಿ ತಾತ?' ಅಂದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು 'ಕಂಪೌಂಡರ್' ಅಂದರು. 'ಕಾಂಪೌಂಡ್ ಕಟ್ಟೋದಾ?' ಅಂದಳು. ನಾನು ಬಾಯಿ ತೆಗೆಯುವುದರೊಳಗೆ ಕಂಪ್ಯೂಟರಿನ ಪಟ್ಟಿಯಲ್ಲಿ 'ಗಾರೆ ಕೆಲಸ' ಒತ್ತಿ ಪ್ರಿಂಟನ್ನೂ ತೆಗೆದಾಗಿತ್ತು. ಹಿಂದಿದ್ದವರು ನಕ್ಕರು. ಅಪ್ಪ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಗಾರೆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಪ್ಪ 1963ರಿಂದ 2000ದವರೆಗೆ, 37 ವರ್ಷ ಮಾಡಿದ ಕೆಲಸ ಅದಲ್ಲವಲ್ಲ! ಅವರ ನೇಮಕದ ಆದೇಶ ಈಗಲೂ ಬೀರುವಿನಲ್ಲಿದೆ. ಅದರಲ್ಲಿ 'ಕಂಪೌಂಡರ್' ಅಂತ ಟೈಪ್ ಆಗಿದೆ.

ನಿಮ್ಮ ವರದಿಗಾರರಿಗೂ ಈ ಪದ ಗೊತ್ತಿಲ್ಲ ಅನಿಸುತ್ತೆ, ಅದಕ್ಕೇ ಹೇಳುತ್ತೇನೆ. ಆಗ ಔಷಧಿ ಈಗಿನ ಹಾಗೆ ಸ್ಟ್ರಿಪ್ಪಿನಲ್ಲಿ ಬರುತ್ತಿರಲಿಲ್ಲ. ಡಾಕ್ಟರು ಚೀಟಿ ಬರೆಯುತ್ತಿದ್ದರು, ಕಂಪೌಂಡರು ಅಳೆದು ಬೆರೆಸಿ ಕೊಡುತ್ತಿದ್ದರು. ಜನ ಮನೆಯಿಂದಲೇ ಬಾಟ್ಲಿ ತೊಳೆದು ತರುತ್ತಿದ್ದರು. ಅಪ್ಪ ಕಾಗದದ ಪಟ್ಟಿಯೊಂದನ್ನು ಮಡಚಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಬಿಡಿಸಿ ಬಾಟ್ಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಡೋಸು. ಓದು ಬರಹ ಬಾರದ ಅಜ್ಜಿಗೂ ಎಷ್ಟು ಕುಡಿಯಬೇಕು ಅಂತ ಗೊತ್ತಾಗುತ್ತಿತ್ತು. ಸಣ್ಣವಳಿದ್ದಾಗ ಆ ಪಟ್ಟಿಗೆ ಗೋಂದು ಹಚ್ಚಿಕೊಟ್ಟಿದ್ದೇನೆ. ಹೊಟ್ಟೆನೋವಿಗೆ ಮಿಕ್ಸ್ಚರ್, ಗಾಯಕ್ಕೆ ಟಿಂಚರ್, ತಲೆನೋವಿಗೆ ಎಪಿಸಿ ಮಾತ್ರೆ. 'ಟಿಂಚರ್ ಹಾಕ್ತೀನಿ ನೋಡು' ಅಂದರೆ ಸಾಕಿತ್ತು, ಎಂಥಾ ತುಂಟ ಹುಡುಗನೂ ಸುಮ್ಮನಾಗುತ್ತಿದ್ದ. ಅಪ್ಪನ ಪಕ್ಕದ ಮೇಜಿನಲ್ಲಿ ಬ್ಯಾಂಡೇಜು ಸುತ್ತುವ ಡ್ರೆಸ್ಸರ್ ಇದ್ದರು. ಅವರು ಇವತ್ತು ಆ ಕೌಂಟರಿಗೆ ಹೋಗಿದ್ದರೆ ಟೈಲರ್ ಆಗಿ ಹೊರಗೆ ಬರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಇಂಗ್ಲಿಷಿನಲ್ಲಿ ಕಾಂಪೌಂಡ್ ಅಂದರೆ ಬೆರೆಸುವುದು ಅಂತ ಅರ್ಥ, ಕಂಪೌಂಡರ್ ಅಂದರೆ ಬೆರೆಸುವವರು. ನಾವು ಗೋಡೆಗೆ ಅನ್ನುವ ಕಾಂಪೌಂಡು ಬೇರೆಯೇ ಪದ. ಅದು ಮಲಯ ಭಾಷೆಯ 'ಕಂಪೊಂಗ್'ನಿಂದ ಬಂದಿರಬೇಕು ಅಂತ ನಿಘಂಟುಗಳಲ್ಲಿದೆ. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ನೋಂದಣಿ, ಡಿಪ್ಲೊಮಾ ಎಲ್ಲ ಶುರುವಾಯಿತು. ಕಾರ್ಖಾನೆಯ ಮಾತ್ರೆ, ಸಿರಪ್ಪು ಜಾಸ್ತಿಯಾದ ಹಾಗೆ ಬೆರೆಸುವ ಕೆಲಸವೇ ಇಲ್ಲವಾಯಿತು. ಹೆಸರು ಫಾರ್ಮಸಿಸ್ಟ್ ಆಯಿತು. ಆಗಲಿ, ಬೇಡ ಅನ್ನಲ್ಲ. ಆದರೆ ಹಳೇ ಹೆಸರಿನಲ್ಲಿ ಸಂಬಳ ತಗೊಂಡವರು ಇನ್ನೂ ಬದುಕಿದ್ದಾರೆ. ಪದ ಬಳಕೆ ತಪ್ಪಿತು ಅಂತ ಮನುಷ್ಯರನ್ನೂ ತೆಗೆದುಹಾಕುತ್ತೀರಾ?

ಆ ಹುಡುಗಿಯನ್ನು ನಾನು ಬೈಯುವುದಿಲ್ಲ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು, ಕಂಪೌಂಡರನ್ನು ಎಲ್ಲಿ ನೋಡಿರುತ್ತಾಳೆ? ಕಂಪ್ಯೂಟರಿನ ಆ ಕೆಲಸಗಳ ಪಟ್ಟಿ ತಯಾರು ಮಾಡಿದ ದೊಡ್ಡವರಿಗೆ ಬುದ್ಧಿ ಬೇಡವಾ? ಅರವತ್ತು ದಾಟಿದವರಿಗೆ ಅಂತಲೇ ಮಾಡಿದ ಅರ್ಜಿ. ಅದರಲ್ಲಿ ಅರವತ್ತು ದಾಟಿದವರ ಕೆಲಸಗಳೇ ಇಲ್ಲ! ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್ ಇಲ್ಲ. ಟೆಲಿಫೋನ್ ಆಪರೇಟರ್ ಇಲ್ಲ. ಮಿಡ್‌ವೈಫ್ ಇಲ್ಲ. 'ಇತರೆ' ಅನ್ನುವ ಒಂದು ಸಾಲು ಕೂಡ ಇಲ್ಲ.

ಇನ್ನು ತಿದ್ದುಪಡಿಯ ಕಥೆ. ಮಾರನೇ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಆಟೋಗೆ ಹೋಗಿ ಬರಲು 180 ರೂಪಾಯಿ. 'ಇಲ್ಲಿ ಆಗಲ್ಲ, ಮೇಲಿನ ಕಚೇರಿಗೆ ಹೋಗಿ' ಅಂದರು. ಅಲ್ಲಿ ಗೋಡೆಯ ಮೇಲೆ ಒಂದು ಹಳೇ ಬೋರ್ಡು: 'ಅರ್ಜಿಗಳನ್ನು ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆದು ಕೊಡುವುದು.' ಅದು ಎ4ಗಿಂತ ಉದ್ದದ, ಹಳೇ ಅಳತೆಯ ಹಾಳೆ. ಎದುರಿನ ಝೆರಾಕ್ಸ್ ಅಂಗಡಿಯ ಹುಡುಗ ಆ ಪದವನ್ನು ನಾಲ್ಕು ಸಲ ಹೇಳಿಸಿಕೊಂಡು ಕೊನೆಗೆ ಎ4 ಕೊಟ್ಟ. ಎ4 ನೋಡಿ ಒಳಗಿನ ಗುಮಾಸ್ತರು ಗೊಣಗಿದರು. ಅಂದರೆ ಅವರ ಹಳೇ ಪದ ನಮಗೆ ಗೊತ್ತಿರಬೇಕು, ನಮ್ಮ ಹಳೇ ಪದ ಅವರಿಗೆ ಗೊತ್ತಿರಬೇಕಾಗಿಲ್ಲ! ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸೋಮವಾರ ಬನ್ನಿ ಅಂದರು. ಈ ಸಾಹೇಬರು ಯಾವತ್ತು ತಾನೇ ಸೀಟಿನಲ್ಲಿ ಇರುತ್ತಾರೆ?

ಇದು ಇವತ್ತಿನ ಸಮಸ್ಯೆಯೂ ಅಲ್ಲ. ನಮ್ಮ ಡಿಸ್ಪೆನ್ಸರಿ ಬಸ್ ಸ್ಟಾಪಿನ ಬೋರ್ಡು ರಸ್ತೆ ಅಗಲ ಮಾಡುವಾಗ ಕಿತ್ತು ಹಾಕಿದ್ದು ಇನ್ನೂ ವಾಪಸ್ ಬಂದಿಲ್ಲ. ಮೂರು ವರ್ಷದಲ್ಲಿ ಎರಡು ಸಲ ಅರ್ಜಿ ಕೊಟ್ಟಿದ್ದೇವೆ. ಹೊಸ ಕಂಡಕ್ಟರುಗಳು 'ಡಿಸ್ಪೆನ್ಸರಿನಾ? ಅಂಥ ಸ್ಟಾಪೇ ಇಲ್ಲ' ಅಂತ ಮುಂದಿನ ಸರ್ಕಲ್ಲಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಚರಂಡಿ ಚಪ್ಪಡಿ ದಾಟಿಕೊಂಡು ವಾಪಸ್ ನಡೆಯಬೇಕು. ಆ ಚಪ್ಪಡಿಯಾದರೂ ಸರಿಯಾಗಿದೆಯಾ? ಎರಡು ಕಡೆ ಬಾಯಿ ತೆರೆದುಕೊಂಡಿದೆ. ಬೀದಿ ದೀಪದ ಬಗ್ಗೆ ಈಗ ಬರೆಯಲ್ಲ, ಬರೆದರೆ ನಿಮ್ಮ ಪುಟ ಸಾಲದು.

ದೂರದೂರಿಗೆ ಫೋನ್ ಮಾಡುವ ಟ್ರಂಕ್ ಕಾಲ್ ಹೋಯಿತು, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಹೋಯಿತು, 2013ರಲ್ಲಿ ಟೆಲಿಗ್ರಾಂ ಕೂಡ ನಿಂತಿತು. ಆ ಯಂತ್ರಗಳು ಹೋದವು, ಪದಗಳೂ ಹೋದವು. ನನಗೆ ಅದರ ಬಗ್ಗೆ ಜಗಳವಿಲ್ಲ. ಆದರೆ ಕಂಪೌಂಡರ್ ಮನುಷ್ಯರ ಹೆಸರು. ನಮ್ಮ ಬೀದಿಯಲ್ಲಿ ಇವತ್ತಿಗೂ ಅಪ್ಪನನ್ನು ಕರೆಯುವುದು 'ಕಂಪೌಂಡರ್ ಮೇಷ್ಟ್ರು' ಅಂತಲೇ. ಅವರು ಮೇಷ್ಟ್ರಲ್ಲ, ಜನ ಮರ್ಯಾದೆಗೆ ಸೇರಿಸಿಕೊಂಡದ್ದು. ಇಂಗ್ಲಿಷಿನಿಂದ ಬಂದರೂ ಅದು ನಮ್ಮ ಬಾಯಲ್ಲಿ ಬೆಳೆದ ಪದ.

ಸಂಬಂಧಪಟ್ಟವರು ಕೂಡಲೇ ಅಪ್ಪನ ದಾಖಲೆ ತಿದ್ದಬೇಕು. ನಮ್ಮನ್ನು ಸೋಮವಾರ, ಬುಧವಾರ ಅಂತ ಅಲೆಸಬಾರದು. ಕೌಂಟರಿನಲ್ಲಿ ಹಳೇ ಪದ ಗೊತ್ತಿರುವ ಒಬ್ಬ ಹಿರಿಯರನ್ನಾದರೂ ಕೂರಿಸಲಿ. ಇಲ್ಲವೇ ಪಟ್ಟಿಯನ್ನಾದರೂ ಸರಿ ಮಾಡಲಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಡಿಸ್ಪೆನ್ಸರಿ ಸ್ಟಾಪಿನ ಬೋರ್ಡನ್ನೂ ಹಾಕಿಸಲಿ.

ಸಂಪಾದಕರೇ, ನಿಮಗೂ ಒಂದು ಮಾತು. ಅಪ್ಪ ನಲವತ್ತು ವರ್ಷದಿಂದ ನಿಮ್ಮ ಪತ್ರಿಕೆಯನ್ನೇ ಓದುತ್ತಿದ್ದಾರೆ. ಮಂಗಳವಾರ ಆ ಪುಟ ತೆರೆದು, ಓದಿ, ಕನ್ನಡಕ ತೆಗೆದಿಟ್ಟರು. ಕಾಫಿ ಹಾಗೇ ಆರಿತು. ನಗುವ ಚಿತ್ರ ಹಾಕಿದ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಕಂಪೌಂಡರ್ ಅಂದರೆ ಯಾರು ಅಂತ ಬರೆಯಿರಿ. ಅದನ್ನು ಅವರು ಓದಬೇಕು.

– ಕಂಪೌಂಡರ್ ಮೇಷ್ಟ್ರ ಮಗಳು, ಡಿಸ್ಪೆನ್ಸರಿ ಸ್ಟಾಪ್