ಬೈಲಕುಪ್ಪೆಗೆ ಮಕ್ಕಳನ್ನು ಕರೆದೊಯ್ಯುವ ಮುಂಚೆ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ವಿಶ್ವ ಪೌರತ್ವದ ಪಾಠಕ್ಕಾಗಿ ಬಿ.ಎ. ಮಕ್ಕಳನ್ನು ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಶಿಬಿರಕ್ಕೆ ಕರೆದೊಯ್ಯುತ್ತೇನೆಂದು ಬರೆದಿದ್ದೀಯ. ಜಾಗ ಚೆನ್ನಾಗಿಯೇ ಆರಿಸಿದ್ದೀಯ. ಆದರೆ ಒಂದು ಬಸ್ಸು, ಒಂದು ದಿನ ಎಂದರೆ ಅದು ಬರೀ ಪ್ರವಾಸ. ಅಲ್ಲಿನ ನಾಮ್‌ಡ್ರೋಲಿಂಗ್ ಬೌದ್ಧ ಮಠದಲ್ಲಿ ಸೆಲ್ಫಿ ತೆಗೆದು, ಮೊಮೊ ತಿಂದು ಬಂದವರ ಪೂರ್ವಗ್ರಹ ಇದ್ದಲ್ಲೇ ಇರುತ್ತದೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು ಇದನ್ನೇ: ಸುಮ್ಮನೆ ಭೇಟಿಯಾದರೆ ಸಾಲದು, ಇಬ್ಬರೂ ಸಮಾನರಾಗಿ, ಒಂದೇ ಗುರಿಗಾಗಿ, ಜೊತೆಯಲ್ಲಿ ಕೆಲಸ ಮಾಡಬೇಕು, ಎರಡೂ ಕಡೆಯ ಹಿರಿಯರ ಒಪ್ಪಿಗೆಯೂ ಇರಬೇಕು.

ಆದ್ದರಿಂದ ಮೊದಲು ಕೆಲಸ ಗೊತ್ತುಮಾಡು. ವಯಸ್ಸಾದ ಟಿಬೆಟನ್ನರು ಆಸ್ಪತ್ರೆಗೆ ಹೋದಾಗ ಬಳಸಲು ಕನ್ನಡ, ಟಿಬೆಟನ್ ಎರಡರಲ್ಲೂ ಇರುವ ಕಿರುಪುಸ್ತಿಕೆ ಮಾಡಿಸು. ಎಲ್ಲಿ ನೋವು, ಎಷ್ಟು ದಿನದಿಂದ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ. ಇಂಥ 40 ವಾಕ್ಯ ಸಾಕು. ನಿನ್ನ 4 ಮಕ್ಕಳಿಗೆ ಅಲ್ಲಿನ 2 ಯುವಕರು ಸೇರಿದರೆ ಒಂದು ಗುಂಪು. 20 ಮಕ್ಕಳಿಗಿಂತ ಹೆಚ್ಚು ಬೇಡ, ಮನೆಗಳಿಗೆ ಹೊರೆಯಾಗುತ್ತದೆ. ಮೂರು ಶನಿವಾರ ಇಟ್ಟುಕೋ: ಎರಡು ಅಲ್ಲಿ, ಮೂರನೆಯದು ನಿಮ್ಮ ಕಾಲೇಜಿನಲ್ಲಿ. ಅವರು ನಿಮ್ಮಲ್ಲಿಗೆ ಬರುವುದನ್ನು ಮಾತ್ರ ಬಿಡಬೇಡ. ನಾವಷ್ಟೇ ಹೋಗಿ ನೋಡಿ ಬಂದರೆ ಅವರು ಪ್ರದರ್ಶನದ ವಸ್ತುವಾಗುತ್ತಾರೆ.

ಪ್ರಿನ್ಸಿಪಾಲರ ಪತ್ರ ಹಿಡಿದು ಶಿಬಿರದ ಕಚೇರಿಗೆ ಒಂದು ತಿಂಗಳು ಮುಂಚೆಯೇ ಹೋಗಿ ಬಾ. ಚಳಿಗಾಲದಲ್ಲಿ ಬಹಳಷ್ಟು ಮನೆಯವರು ಸ್ವೆಟರ್ ಮಾರಲು ಬೇರೆ ಊರುಗಳಿಗೆ ಹೋಗಿರುತ್ತಾರೆ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಅವರ ಹೊಸ ವರ್ಷದ ಹಬ್ಬ ಲೋಸರ್‌ನ ಗಡಿಬಿಡಿ. ಆಗಸ್ಟ್ ವಾಸಿ. ತರಗತಿಯಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದರೆ ಅಲ್ಲಿ ಉಳಿದುಕೊಳ್ಳಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಅದು ಬೇಗ ಕೈಗೆ ಬರುವುದಿಲ್ಲ, ಸೆಮಿಸ್ಟರ್ ಶುರುವಾಗುವ ಮುನ್ನವೇ ಅರ್ಜಿ ಹಾಕಿಸು.

ಮಕ್ಕಳು ಬರೆಯುವ ದಿನಚರಿಯ ಪುಟಕ್ಕೆ ಮೂರು ಅಂಕಣ ಹಾಕಿಸು: ಕಂಡದ್ದು, ಅದಕ್ಕೆ ನಾನು ಕೊಟ್ಟ ಅರ್ಥ, ನನಗನಿಸಿದ್ದು. ಬೆಣ್ಣೆ ಚಹಾ ಕೊಟ್ಟಾಗ ಒಬ್ಬ ಹುಡುಗ 'ಬಲವಂತ ಮಾಡಿದರು' ಎಂದು ಮೊದಲ ಅಂಕಣದಲ್ಲೇ ಬರೆಯುತ್ತಾನೆ, ನೋಡುತ್ತಿರು. ಕಂಡದ್ದು ಅದಲ್ಲ. ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ, ಆ ಮನೆಯಾಕೆ ಮತ್ತೆ ತುಂಬಿಸಿದರು; ಕಂಡದ್ದು ಇಷ್ಟೇ. ಅತಿಥಿಯ ಬಟ್ಟಲು ತುಂಬಿರಬೇಕೆಂಬುದು ಅವರ ಪದ್ಧತಿ. ಸಾಕೆನಿಸಿದವರು ತುಂಬಿದ್ದನ್ನು ಹಾಗೇ ಬಿಟ್ಟು ಹೊರಡುವಾಗ ಕುಡಿಯುತ್ತಾರೆ. ಇದನ್ನು ನೀನು ಮೊದಲೇ ಹೇಳಿಕೊಡಬೇಡ. ಅವನೇ ಕೇಳಿ ತಿಳಿದು ಎರಡನೆಯ ಅಂಕಣ ತಿದ್ದಲಿ. ಅಂಕವನ್ನೂ ಆ ತಿದ್ದುಪಡಿಗೇ ಕೊಡು. ಮಠದ ರೀತಿನೀತಿ ಮಾತ್ರ ಮುಂಚೆ ಹೇಳು: ಪ್ರದಕ್ಷಿಣೆ ಬಲಕ್ಕೆ, ಪ್ರಾರ್ಥನೆ ನಡೆಯುವಾಗ ಫೋಟೊ ಬೇಡ.

ಪೌರತ್ವ ಎಂಬುದು ಅಲ್ಲಿ ಪುಸ್ತಕದ ಮಾತಲ್ಲ, ಸುಮಾ. ನಮ್ಮ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ತಂದೆತಾಯಿ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿ ಬಂದವರಾದರೆ, 1985ರಲ್ಲಿ ಹುಟ್ಟಿದ ಅಣ್ಣನಿಗೆ ಸಿಗುವ ಹಕ್ಕು 1990ರಲ್ಲಿ ಹುಟ್ಟಿದ ತಂಗಿಗಿಲ್ಲ; ಅವಳು ವಿದೇಶಿಯರ ನೋಂದಣಿ ಪತ್ರವನ್ನು ನವೀಕರಿಸುತ್ತಿರಬೇಕು. ಇದನ್ನು ತರಗತಿಯಲ್ಲೇ ಓದಿಸಿ ಚರ್ಚೆ ಮಾಡಿಸು. ಅಲ್ಲಿ ಹೋಗಿ ಯಾರನ್ನೂ 'ನಿಮ್ಮ ಕಾಗದ ತೋರಿಸಿ' ಎಂದು ಕೇಳದಂತೆ ಮಕ್ಕಳಿಗೆ ಬಿಗಿಯಾಗಿ ಹೇಳು.

ಪುಸ್ತಿಕೆಯ ಕರಡು ಸಿದ್ಧವಾದಾಗ ಕನ್ನಡದ ಭಾಗವನ್ನು ನನಗೆ ಕಳಿಸು, ನೋಡಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ