ಗಂಧದೆಣ್ಣೆಯ ಶುದ್ಧತೆಗೆ ಒಂದು ವರದಿ ಸಾಲದು: ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ದಸರಾ ಬಂತೆಂದರೆ ಮೈಸೂರಿನ ಅಂಗಡಿಗಳಲ್ಲಿ ‘ಶುದ್ಧ ಗಂಧದೆಣ್ಣೆ’ಯ ಪುಟ್ಟ ಶೀಶೆಗಳಿಗೆ ಎಲ್ಲಿಲ್ಲದ ಬೇಡಿಕೆ. ಅನುಮಾನಪಟ್ಟು ಕೇಳಿದವರ ಮುಂದೆ ಗ್ಯಾಸ್ ಕ್ರೊಮ್ಯಾಟೋಗ್ರಫಿ (ಎಣ್ಣೆಯನ್ನು ಆವಿಯಾಗಿಸಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ವರದಿಯ ಜೆರಾಕ್ಸ್ ಇಡುತ್ತಾರೆ. ಗಂಧದೆಣ್ಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 3518ರಲ್ಲಿ, ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್‌ನ ಎರಡು ರೂಪಗಳ ಪೈಕಿ ಆಲ್ಫಾ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ವರದಿಯಲ್ಲಿ ಅಂಕಿ ಅದರೊಳಗೇ ಇರುತ್ತದೆ. ಎಣ್ಣೆ ಮಾತ್ರ ಬೆರಕೆಯದ್ದಾಗಿರಬಹುದು.

ಕಾರಣ ಸರಳ. ಆವಿಯಾಗಿ ಕಾಲಂ (ಘಟಕಗಳನ್ನು ಬೇರ್ಪಡಿಸುವ ಸಪೂರ ಕೊಳವೆ) ದಾಟಿ ಬಂದದ್ದನ್ನಷ್ಟೇ ಯಂತ್ರ ಗುರುತಿಸುತ್ತದೆ, ಬಂದಷ್ಟನ್ನೇ ನೂರೆಂದು ಹಿಡಿದು ಪಾಲು ಹಾಕುತ್ತದೆ. ಬೆರಕೆಗೆ ಬಳಸುವ ಹರಳೆಣ್ಣೆ ಆವಿಯಾಗದೆ, ಮಾದರಿ ಒಳಹೋಗುವ ಇಂಜೆಕ್ಟರಿನ ಗಾಜಿನ ಒಳಗೊಳವೆಯಲ್ಲೇ (ಲೈನರ್) ಉಳಿಯುತ್ತದೆ. ನೂರು ಗ್ರಾಂನಲ್ಲಿ ಮೂವತ್ತು ಗ್ರಾಂ ಹರಳೆಣ್ಣೆಯಿದ್ದರೂ ಸ್ಯಾಂಟಲಾಲ್‌ನ ಶೇಕಡಾವಾರು ಕದಲುವುದಿಲ್ಲ. ಮಾದರಿಯನ್ನು ತೂಗಿ, ತೂಕ ಗೊತ್ತಿರುವ ಆಂತರಿಕ ಮಾನಕವನ್ನು (ಹೋಲಿಕೆಗೆಂದು ಸೇರಿಸುವ ಬೇರೊಂದು ವಸ್ತು) ಬೆರೆಸಿ ಲೆಕ್ಕ ಮಾಡಿದರಷ್ಟೇ ಕೊರತೆ ಬಯಲಾಗುತ್ತದೆ.

ಸಾಂದ್ರತೆ ನೋಡಿಯೂ ಪ್ರಯೋಜನವಿಲ್ಲ. ಎರಡೂ ಎಣ್ಣೆಗಳದ್ದು ಹತ್ತಿರಹತ್ತಿರ 0.96, 0.97. ವಕ್ರೀಭವನಾಂಕ (ಎಣ್ಣೆಯೊಳಗೆ ಬೆಳಕು ಎಷ್ಟು ಬಾಗುತ್ತದೆಂಬ ಅಳತೆ) ಹಾಗಲ್ಲ: ಗಂಧದೆಣ್ಣೆಯದು 1.50ಕ್ಕಿಂತ ತುಸು ಮೇಲೆ, ಹರಳೆಣ್ಣೆಯದು 1.48ರ ಆಸುಪಾಸು. ಒಂದು ಹನಿ, ಅದನ್ನು ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರ್ ಸಾಕು. ಇನ್ನೊಂದು ಪರೀಕ್ಷೆ, 1 ಮಿ.ಲೀ. ಎಣ್ಣೆಗೆ ಶೇ. 70ರ ಆಲ್ಕೋಹಾಲ್ 5 ಮಿ.ಲೀ. ಹಾಕಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುವುದು. ಅಸಲಿ ಎಣ್ಣೆ ತಿಳಿಯಾಗಿ ಕರಗುತ್ತದೆ, ಹರಳೆಣ್ಣೆ ಬೆರೆತಿದ್ದರೆ ಕದಡುತ್ತದೆ. ಇಲ್ಲೇ ಎಡವುವುದೂ ಹೆಚ್ಚು: ಆತುರಕ್ಕೆ ಗಟ್ಟಿ ಸ್ಪಿರಿಟ್ ಬಳಸಿದರೆ ಹರಳೆಣ್ಣೆಯೂ ಕರಗಿ ಕಲಬೆರಕೆ ಪಾರಾಗುತ್ತದೆ. ಕಾಗದದ ಮೇಲೆ ಹನಿ ಬಿಟ್ಟು ಕಲೆ ನೋಡುವ ಪದ್ಧತಿಯನ್ನಂತೂ ನಂಬಬೇಡಿ, ಗಂಧದೆಣ್ಣೆಯೇ ನಿಧಾನಕ್ಕೆ ಆರುವಂಥದ್ದು.

ಕೃತಕ ಪರಿಮಳ, ಎಣ್ಣೆಯನ್ನು ತೆಳುವಾಗಿಸಲು ಬೆರೆಸುವ ಡೈಈಥೈಲ್ ಥಾಲೇಟ್ ಎಂಬ ರಾಸಾಯನಿಕ ಹಿಡಿಯಲು ಮಾತ್ರ, ಅಣುಗಳ ತೂಕದಿಂದ ವಸ್ತುವನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರವೇ ಬೇಕು.

ಆದ್ದರಿಂದ ಔಷಧ ನಿಯಂತ್ರಣ ಮತ್ತು ಆಯುಷ್ ಅಧಿಕಾರಿಗಳನ್ನು ಒಟ್ಟಿಗೆ ಕರೆದು ಹಬ್ಬಕ್ಕೆ ಮುಂಚೆಯೇ ತಪಾಸಣೆ ನಡೆಸಿ. ಮಾದರಿಯನ್ನು ಕೌಂಟರಿನ ಶೀಶೆಯಿಂದಲೇ ತೆಗೆಯಬೇಕು, ಮಾಲೀಕರು ಒಳಗಿನಿಂದ ತಂದುಕೊಡುವುದರಿಂದಲ್ಲ. ಕಂದು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಸೀಲ್ ಹಾಕಿಸಿ. ಪ್ಲಾಸ್ಟಿಕ್ ಬಳಸಿದರೆ ಥಾಲೇಟ್ ಬಾಟಲಿಯಿಂದಲೇ ಇಳಿಯಿತೆಂದು ವಾದಿಸಲು ಎಡೆಯಾಗುತ್ತದೆ. ವರದಿಯಲ್ಲಿ ಬ್ಯಾಚ್ ಸಂಖ್ಯೆ, ಲೆಕ್ಕದ ವಿಧಾನ, ವಕ್ರೀಭವನಾಂಕ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಅಂಗಡಿಯಲ್ಲಿ ತೂಗುಹಾಕಲು ಬಿಡಬೇಡಿ.

ಇಂತಿ,
ಸಸ್ಯತೈಲ ವಿಶ್ಲೇಷಣೆಯಲ್ಲಿ ತೊಡಗಿರುವ ರಸಾಯನತಜ್ಞರು, ಮೈಸೂರು