ಹೊಸ ಬಟ್ಟೆ ಬೇಡ, ಮನೆಯ ಹಳೆ ತುಂಡು ಕಳಿಸಿ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಸೋಮವಾರದಿಂದ ಎಲ್‌ಕೆಜಿ, ಯುಕೆಜಿ ಮತ್ತು 1ನೇ ತರಗತಿಯ ಮಕ್ಕಳು ಬಟ್ಟೆ ಚೂರುಗಳನ್ನು ರಟ್ಟಿನ ಮೇಲೆ ಅಂಟಿಸಿ ಚಿತ್ರ ಮಾಡಲಿದ್ದಾರೆ. ಟೈಮ್‌ಟೇಬಲ್‌ನಲ್ಲಿ ಕೊಲಾಜ್ ಅಂತ ಬರೆದಿದ್ದೇವೆ. ಇದಕ್ಕಾಗಿ ದಯವಿಟ್ಟು ಅಂಗಡಿಯಿಂದ ಏನನ್ನೂ ತರಬೇಡಿ.

ಹೋದ ವರ್ಷ ನಾವೇ ಫೆಲ್ಟ್ ಬಟ್ಟೆಯ ಪ್ಯಾಕೆಟ್ ಕೊಂಡು ತಂದಿದ್ದೆವು. ಹೂವು, ನಕ್ಷತ್ರ, ಎಲೆ ಎಲ್ಲವೂ ಕತ್ತರಿಸಿಯೇ ಬಂದಿತ್ತು. ಮಕ್ಕಳು 10 ನಿಮಿಷದಲ್ಲಿ ಅಂಟಿಸಿ ಎದ್ದುಬಿಟ್ಟರು. ಎಲ್ಲರ ಚಿತ್ರವೂ ಒಂದೇ ಥರ. ಒಬ್ಬಳು ಮಾತ್ರ ಬ್ಯಾಗಿನಿಂದ ಅಜ್ಜಿಯ ಹಳೆ ಸೀರೆಯ ಚೂರು ತೆಗೆದಳು. ಕೆನ್ನೆಗೆ ಒತ್ತಿಕೊಂಡಳು, ಮೂಸಿ ನೋಡಿದಳು. ಎಲ್ಲಿ ಇಡಬೇಕು ಅಂತ ತುಂಬಾ ಹೊತ್ತು ಯೋಚಿಸಿದಳು. ಕೊನೆಗೆ ಒಂದು ಮೂಲೆಯಲ್ಲಿ ಅಂಟಿಸಿ, "ಇದು ಅಜ್ಜಿ ಮನೆ ಬಾಗಿಲು ಮಿಸ್" ಅಂದಳು. ನಾವು ತಂದ ಪ್ಯಾಕೆಟ್‌ನಲ್ಲಿ ಇಲ್ಲದ್ದು ಏನು ಅಂತ ಅವತ್ತು ನನಗೆ ತಿಳಿಯಿತು.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಬಟ್ಟೆ ತುಂಡಿಗೇನೂ ಕೊರತೆ ಇಲ್ಲ. ದಸರಾದಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸ್‌ಗಳು ಬೀರುವಿನಲ್ಲಿ ಇರುತ್ತವೆ ಅಲ್ವಾ? ಅದರಲ್ಲಿ ಒಂದಾದರೂ ಯಾರೂ ಹೊಲಿಸದೆ ಉಳಿದಿರುತ್ತದೆ. ತಾತನ ಹಳೆ ಪಂಚೆ, ಅಪ್ಪನ ಲುಂಗಿ, ಅಕ್ಕನಿಗೆ ಗಿಡ್ಡವಾದ ಲಂಗ, ನೆಲ ಒರೆಸಲು ಎತ್ತಿಟ್ಟ ಟೀ ಶರ್ಟ್, ಎಲ್ಲವೂ ನಡೆಯುತ್ತದೆ. ಅಂಗೈ ಅಗಲದ 3-4 ತುಂಡು ಸಾಕು. ತೊಳೆದು ಒಣಗಿಸಿ ಕಳಿಸಿ. ಗುಂಡಿ, ಹುಕ್ಕು, ಚಮಕಿ ಇದ್ದರೆ ಮೊದಲೇ ಕಿತ್ತುಬಿಡಿ, ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಟೈಲರ್ ಅಂಗಡಿಯಲ್ಲಿ ಕೇಳಿ ತಂದ ಚೂರಾದರೆ ಗುಂಡುಪಿನ್ನು ಸಿಕ್ಕಿಕೊಂಡಿದೆಯಾ ಅಂತ ಒಮ್ಮೆ ನೋಡಿ.

ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು, ಅಂಟು ಹಿಡಿಯುತ್ತದೆ. ಪಾಲಿಯೆಸ್ಟರ್ ಜಾರುತ್ತದೆ. ಶಿಫಾನ್ ತೆಳು, ಅಂಟು ಮೇಲೆ ಬಂದು ಕಲೆಯಾಗುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಮಕ್ಕಳ ಮೊಂಡು ಕತ್ತರಿಗೂ ಬಟ್ಟೆ ಸಿಗುತ್ತದೆ. ಆ ಕೆಲಸ ಶಾಲೆಯಲ್ಲೇ ಮಾಡುತ್ತೇವೆ. ಮೈದಾ ಅಂಟನ್ನೂ ಇಲ್ಲೇ ಕಾಯಿಸುತ್ತೇವೆ. ಹಿಂದೆ ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ನಾವು ಹಾಕುವುದಿಲ್ಲ. ಆಯಾ ದಿನದ ಅಂಟು ಆಯಾ ದಿನಕ್ಕೆ.

ಅಂಟಿಸುವ ಮೊದಲು 2 ದಿನ ಮಕ್ಕಳು ಬಟ್ಟೆಯನ್ನು ಸುಮ್ನೆ ಮುಟ್ಟುತ್ತಾರೆ, ಎಳೆಯುತ್ತಾರೆ, ಬಿಚ್ಚುತ್ತಾರೆ. ಪಂಚೆಯ ಚೂರಿನಿಂದ ಒಂದೊಂದೇ ನೂಲು ತೆಗೆದಾಗ ಉದ್ದದ ನೂಲಾದ ಹಾಸು ಯಾವುದು, ಅಡ್ಡದ ನೂಲಾದ ಹೊಕ್ಕು ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಟೀ ಶರ್ಟಿನಲ್ಲಿ ಹಾಗೆ ನೂಲು ಬರುವುದಿಲ್ಲ, ಅದು ಹೆಣೆದ ಬಟ್ಟೆ. ಅದನ್ನು ಪಟ್ಟಿಯಾಗಿ ಕತ್ತರಿಸಿ ಎಳೆದರೆ ತಾನೇ ಸುರುಳಿಯಾಗಿ ಹಗ್ಗದ ಥರ ಆಗುತ್ತದೆ. ಮಕ್ಕಳು ಅದರಲ್ಲಿ ಜಡೆ ಮಾಡುತ್ತಾರೆ, ಹಾವು ಮಾಡುತ್ತಾರೆ. ನನಗೆ ಈ 2 ದಿನಗಳೇ ಜಾಸ್ತಿ ಇಷ್ಟ.

ಮಕ್ಕಳಿಗೆ ಒಂದು ಕೌದಿಯನ್ನೂ ತೋರಿಸುತ್ತೇವೆ. ಉತ್ತರ ಕರ್ನಾಟಕದಿಂದ ಬಂದ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಳೆ ಸೀರೆಗಳನ್ನು ಪದರವಾಗಿ ಹಾಸಿ, ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಪುಟ್ಟ ಹೂವು ಇಡುತ್ತಾರೆ. ನಿಮ್ಮ ಮನೆಯಲ್ಲಿ ಕೌದಿ ಇದ್ದರೆ, ಅದನ್ನು ಹೊಲಿದ ಅಜ್ಜಿಯೇ ಬರುವುದಾದರೆ, ಕುರ್ಚಿ ಹಾಕಿ ಕಾಯುತ್ತೇವೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ತಾಯಂದಿರಿಗೆ ಒಂದು ಮಾತು. ಫ್ಯಾಕ್ಟರಿಯಿಂದ ತುಂಡು ತರಲು ಹೋಗಬೇಡಿ, ಗೇಟಿನಲ್ಲಿ ನಿಮಗೆ ತೊಂದರೆ ಆಗುವುದು ಬೇಡ. ಆದರೆ ರಜೆ ಇರುವ ದಿನ ಒಂದು ಗಂಟೆ ತರಗತಿಗೆ ಬನ್ನಿ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಇದು ಇಂಥದ್ದು ಅಂತ ಹೇಳುವ ನಿಮ್ಮ ಕೈಯ ತಿಳಿವಳಿಕೆ ನಮ್ಮ ಟೀಚರುಗಳಿಗೆ ಇಲ್ಲ. ನಿಮ್ಮ ಮಗು ಅದನ್ನು ಎಲ್ಲರ ಮುಂದೆ ನೋಡಬೇಕು ಅನ್ನುವುದು ನನ್ನ ಆಸೆ.

ನವೆಂಬರ್ 14ರಂದು ಚಿತ್ರಗಳನ್ನು ಗೋಡೆಗೆ ಹಾಕುತ್ತೇವೆ. ಆನೆಗೆ 5 ಕಾಲಿರಬಹುದು, ಅಂಚಿನಿಂದ ನೂಲು ನೇತಾಡಬಹುದು. ಯಾವುದನ್ನೂ ತಿದ್ದಬೇಡಿ ಅಂತ ಟೀಚರುಗಳಿಗೆ ಹೇಳಿದ್ದೇನೆ, ನಿಮಗೂ ಅದನ್ನೇ ಕೇಳಿಕೊಳ್ಳುತ್ತೇನೆ. "ಏನಿದು?" ಅನ್ನುವ ಬದಲು "ಇದು ಯಾರ ಬಟ್ಟೆ?" ಅಂತ ಕೇಳಿ ನೋಡಿ. ಮಗು ಮಾತಾಡುತ್ತದೆ.

ಶುಕ್ರವಾರದೊಳಗೆ ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿ, ಮಗುವಿನ ಹೆಸರು ಮತ್ತು ಅದು ಯಾರ ಬಟ್ಟೆ ಅಂತ ಬರೆದು ಕ್ಲಾಸ್ ಟೀಚರ್‌ಗೆ ಕೊಡಿ. ತೀರಿಕೊಂಡವರ ಬಟ್ಟೆಯಾದರೆ ಅದನ್ನೂ ಚೀಟಿಯಲ್ಲಿ ತಿಳಿಸಿ. ಆ ತುಂಡಿಗೆ ಅಂಟು ಹಾಕುವುದಿಲ್ಲ. ನಾಲ್ಕು ಹೊಲಿಗೆ ಹಾಕಿ ಕೂರಿಸಿ, ಆಮೇಲೆ ದಾರ ಬಿಚ್ಚಿ ನಿಮಗೇ ವಾಪಸ್ ಕೊಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ